ಬೆಳಕು ತಿಳಿಯಲು ಕಣ್ಣೇ ಬೇಕೆ?

(ಚಿಕ್ಕೋಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ವಿಷಯ ಓದಿದ ಹಳೆಯ ಸಹೋದ್ಯೋಗಿಯೊಬ್ಬರು ನನಗೆ ಫೋನು ಮಾಡಿದರು. "ಅಲ್ರೀ ಸರ, ಚಿಕ್ಕೋಡ್ಯಾಗ ಕುಂತು ಕಡಲಿನ ಹುಳದ ಕಣ್ಣಿನ ಬಗ್ಗೆ ಹೇಳ್ತೀರಿ? ನಮಗ ಕಡಲ ಎಲ್ಲೈತ್ರಿ?" ಎಂದರು. ಕೇಳಬೇಕಾದ ಮಾತೇ. ನಿಪ್ಪಾಣಿಯಿಂದ ಹೊರಡುವ ದೇವಗಡದ ರಸ್ತೆ ಫೋಂಡಾ ಘಾಟು ಇಳಿದು ಕಡಲಿಗೆ ಮುಟ್ಟುತ್ತದೆ ಎಂದು ಉತ್ತರಿಸಬಹುದಿತ್ತು. ಕಲ್ಲೋಳದ ಹತ್ತಿರ ದೂಧಗಂಗೆಯನ್ನು ಕೂಡಿಸಿಕೊಂಡು ಮುಂದೆ ಹೋಗುವ ನಮ್ಮ ಕೃಷ್ಣೆ ಕೊನೆಗೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೇ ಸೇರುತ್ತಾಳೆ ಎಂದೂ ಹೇಳಬಹುದಿತ್ತು. ಆದರೆ ನಾನು ಈ ವಿಷಯ ಆರಿಸಿಕೊಂಡ ಕಾರಣ ಬೇರೆ. ಅದು ಒಂದು ಕಬ್ಬಿನ ಹೊಲದಲ್ಲಿ ಹುಟ್ಟಿದ್ದು.

ಬಹಳ ವರ್ಷದ ಹಿಂದಿನ ಮಾತು. ರಾಯಬಾಗ ತಾಲ್ಲೂಕಿನ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ತ್ರೀ ಫೇಜ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ದಿನಗಳು. ಊಟ ಮುಗಿಸಿ ಅವನ ತಂದೆಯ ಜೊತೆ ಕಬ್ಬಿಗೆ ನೀರು ಹಾಯಿಸಲು ನಾನೂ ಹೊರಟೆ. ನೀರು ಕುಡಿದ ನೆಲದ ಮೇಲೆ ಎರೆಹುಳುಗಳು ಅರ್ಧ ಮೈ ಹೊರಚಾಚಿ ಮಲಗಿದ್ದವು. ಆ ಹಿರಿಯರು ಬ್ಯಾಟರಿ ಹಚ್ಚಿದರು. ಬೆಳಕು ಬಿದ್ದದ್ದೇ ತಡ, ಒಂದೊಂದೂ ರಬ್ಬರಿನಂತೆ ಸೆಳೆದುಕೊಂಡು ಬಿಲದೊಳಗೆ ಇಳಿದುಹೋಯಿತು. ಅವರು ನನ್ನ ಕಡೆ ತಿರುಗಿ ಕೇಳಿದರು: "ಸರ, ಇದಕ್ಕ ಕಣ್ಣ ಇಲ್ಲ. ಮತ್ತ ಬ್ಯಾಟರಿ ಹಚ್ಚಿದ್ದು ಹ್ಯಾಂಗ ತಿಳೀತು?"

ಪಾಠದ ಪುಸ್ತಕದ ಉತ್ತರ ನನಗೆ ಗೊತ್ತಿತ್ತು, ಹೇಳಿದೆ. ಎರೆಹುಳುವಿನ ಚರ್ಮದಲ್ಲಿ ಬೆಳಕಿಗೆ ಸ್ಪಂದಿಸುವ ಬಿಡಿ ಬಿಡಿ ಜೀವಕೋಶಗಳಿವೆ, ತಲೆಯ ತುದಿಯಲ್ಲಿ ಅವು ಹೆಚ್ಚು. ಅವರಿಗೆ ಸಮಾಧಾನವಾಗಲಿಲ್ಲ. "ಹಂಗಂದ್ರ ಅದು ಬೆಳಕ ನೋಡ್ತೈತೋ, ಇಲ್ಲೋ?" ಎಂದು ಮತ್ತೆ ಕೇಳಿದರು. ಆ ಎರಡನೆಯ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಇವತ್ತಿನ ಉಪನ್ಯಾಸ ಆ ಬಾಕಿ ತೀರಿಸುವ ಪ್ರಯತ್ನ. ಉತ್ತರಕ್ಕಾಗಿ ಕಡಲಿಗೆ ಹೋಗಲೇಬೇಕು, ಏಕೆಂದರೆ ಎರೆಹುಳುವಿನ ಹಳೆಯ ನೆಂಟರೆಲ್ಲ ಅಲ್ಲಿದ್ದಾರೆ.

ಮೊದಲು ಒಂದು ಮಾತನ್ನು ತಿಳಿಮಾಡಿಕೊಳ್ಳೋಣ. ಕನ್ನಡದಲ್ಲಿ 'ಕಣ್ಣು' ಎಂಬ ಶಬ್ದ ಬಲು ಉದಾರ. ತೆಂಗಿನಕಾಯಿಗೆ ಕಣ್ಣಿದೆ, ನವಿಲುಗರಿಗೆ ಕಣ್ಣಿದೆ. ನಾವು ನಾಟಿ ಮಾಡುವ ಕಬ್ಬಿನ ತುಂಡಿಗೆ ಎರಡೋ ಮೂರೋ ಕಣ್ಣು ಇರಬೇಕು. ಇವು ಯಾವುವೂ ನೋಡುವುದಿಲ್ಲ. ಕ್ರಿಯಾಪದಗಳಲ್ಲಿ ಮಾತ್ರ ನಮ್ಮ ಭಾಷೆ ಕಟ್ಟುನಿಟ್ಟು. ಅರಿಯುವುದು ಬೇರೆ, ಕಾಣುವುದು ಬೇರೆ, ನೋಡುವುದು ಬೇರೆ. ಬೆಳಕು ಇದೆಯೋ ಇಲ್ಲವೋ ಎಂದು ತಿಳಿದರೆ ಅದು ಅರಿವು. ಬೆಳಕು ಯಾವ ದಿಕ್ಕಿನಿಂದ ಬಂತೆಂದು ತಿಳಿದರೆ ಅರಿವು ಇನ್ನೊಂದು ಮೆಟ್ಟಿಲು ಏರಿತು. ಎದುರಿಗೆ ಇರುವುದು ಮರವೋ ಮೀನೋ ಎಂದು ಆಕಾರ ಹೊಳೆದರೆ ಆಗ ಕಾಣುವುದು ಶುರುವಾಯಿತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಡಾನ್-ಎರಿಕ್ ನಿಲ್ಸನ್ ಅವರು ಕಣ್ಣಿನ ವಿಕಾಸವನ್ನು ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳಲ್ಲಿ ವಿವರಿಸಿದ್ದಾರೆ. ಪ್ರಾಣಿಗೆ ಮಾಡಬೇಕಾದ ಕೆಲಸ ಮೊದಲು, ಅದಕ್ಕೆ ಬೇಕಾದಷ್ಟು ಕಣ್ಣು ಆಮೇಲೆ ಎಂಬುದು ಅವರ ವಾದ. ಈ ವಾದ ನನಗೆ ಒಪ್ಪಿಗೆ. ಇಂದು ಹೇಳುವುದೆಲ್ಲ ಅದರ ಸುತ್ತಲೇ ಇದೆ.

ಈಗ ಮೊದಲ ವಿಷಯ: ಬೆಳಕನ್ನು ಹಿಡಿಯುವ ದ್ರವ್ಯ ಯಾವುದು?

ನಮ್ಮ ಕಣ್ಣಿನ ಒಳಪರದೆಯಲ್ಲೂ ಅಂಬಲಿ ಮೀನಿನ ಅಂಚಿನಲ್ಲೂ ಕಡಲಹುಳುವಿನ ಮರಿಯಲ್ಲೂ ಇರುವುದು ಒಂದೇ ಮನೆತನದ ಪ್ರೋಟೀನು, ಹೆಸರು ಆಪ್ಸಿನ್. ಜೀವಕೋಶದ ಪೊರೆಯನ್ನು ಅದು ಏಳು ಸಲ ಒಳಗೂ ಹೊರಗೂ ದಾಟುತ್ತದೆ, ಅಥಣಿಯ ಚಪ್ಪಲಿ ಹೊಲಿಯುವವರು ತೊಗಲಿನ ದಾರವನ್ನು ಅಟ್ಟೆಯಲ್ಲಿ ಮೇಲೆ ಕೆಳಗೆ ಪೋಣಿಸಿದ ಹಾಗೆ. ಆ ಏಳು ಹೊಲಿಗೆಗಳ ನಡುವೆ ಒಂದು ಚಿಕ್ಕ ಅಣು ಸಿಕ್ಕಿಕೊಂಡಿರುತ್ತದೆ, ರೆಟಿನಾಲ್. ಕತ್ತಲಲ್ಲಿ ಅದು ಮಡಚಿದ ಮೊಣಕೈಯಂತೆ ಬಾಗಿರುತ್ತದೆ. ಬೆಳಕಿನ ಒಂದು ಕಣ ಬಡಿದರೆ ನೆಟ್ಟಗಾಗುತ್ತದೆ. ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಕೈ ನೆಟ್ಟಗಾದಾಗ ಸುತ್ತಲಿನ ಪ್ರೋಟೀನು ಜರುಗುತ್ತದೆ, ಜೀವಕೋಶಕ್ಕೆ ಸುದ್ದಿ ಮುಟ್ಟುತ್ತದೆ. ನಾವು ನೋಡಿದ ಸೂರ್ಯೋದಯಗಳೆಲ್ಲ ಶುರುವಾದದ್ದು ಈ ಮೊಣಕೈ ನೆಟ್ಟಗಾಗುವುದರಿಂದಲೇ.

ಈ ರೆಟಿನಾಲ್ ತಯಾರಾಗುವುದು ಎ ಜೀವಸತ್ವದಿಂದ. ಕಣ್ಣಿನ ಒಳಪರದೆಯಲ್ಲಿ ಎ ಜೀವಸತ್ವ ಇದೆಯೆಂದು 1933ರಲ್ಲಿ ಕಂಡುಹಿಡಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಂಗನವಾಡಿಯಲ್ಲಿ ಮಕ್ಕಳ ಬಾಯಿಗೆ ಎಣ್ಣೆಯಂತಹ ಔಷಧ ಹಾಕುವುದನ್ನು ತಾಯಂದಿರು ನೋಡಿದ್ದೀರಿ. ಎ ಜೀವಸತ್ವದ ಕೊರತೆಯಿಂದ ಬರುವ ಕುರುಡನ್ನು ತಡೆಯಲು 1970ರಲ್ಲಿ ನಮ್ಮ ದೇಶದಲ್ಲಿ ಶುರುವಾದ ಕಾರ್ಯಕ್ರಮ ಅದು. ಇರುಳುಗುರುಡು ಬಂದ ಮಗುವಿಗೆ ಅಜ್ಜಿಯರು ನುಗ್ಗೆಸೊಪ್ಪು ತಿನ್ನಿಸುತ್ತಿದ್ದುದರ ಹಿಂದೆಯೂ ಇದೇ ರಸಾಯನ. ಕೂಸಿನ ಕಣ್ಣಿಗೂ ಕಡಲಿನ ಲೋಳೆಗೂ ಒಂದೇ ಪದಾರ್ಥ ಬೇಕು ಎಂಬುದು ನನಗೆ ಈಗಲೂ ಸೋಜಿಗ.

ಒಂದು ಅಪವಾದ ಹೇಳಿ ಮುಂದೆ ಹೋಗುತ್ತೇನೆ. ಸ್ಪಂಜು ಪ್ರಾಣಿಗಳಲ್ಲಿ ಆಪ್ಸಿನ್ ಇಲ್ಲ, ನರಗಳೂ ಇಲ್ಲ. ಆದರೂ ಆಸ್ಟ್ರೇಲಿಯದ ಒಂದು ಸ್ಪಂಜಿನ ಈಜುವ ಮರಿ ಬೆಳಕು ಬಿಟ್ಟು ನೆರಳಿನ ಕಡೆ ಹೋಗುತ್ತದೆ. ಅದರ ಹಿಂಭಾಗದಲ್ಲಿ ಬಣ್ಣ ತುಂಬಿದ ಕೋಶಗಳ ಒಂದು ಬಳೆ ಇದೆ. ಅಲ್ಲಿ ಬೆಳಕು ಹಿಡಿಯುವ ಕೆಲಸ ಕ್ರಿಪ್ಟೋಕ್ರೋಮ್ ಎಂಬ ಬೇರೊಂದು ಪ್ರೋಟೀನಿನದು ಎಂದು 2012ರ ಸಂಶೋಧನೆ ಸೂಚಿಸಿತು. ಒಂದು ಬಾಗಿಲು ಇಲ್ಲದಿದ್ದರೆ ಇನ್ನೊಂದು.

ಇನ್ನು ಎರಡನೆಯ ವಿಷಯಕ್ಕೆ ಬರೋಣ. ಬೆಳಕು ಇದೆ ಎಂದು ತಿಳಿದರೆ ಸಾಲದು, ಎತ್ತ ಹೋಗಬೇಕು ಎಂದು ತಿಳಿಯಬೇಕು. ಅದಕ್ಕೆ ಎಷ್ಟು ಸಲಕರಣೆ ಬೇಕು? ಎರಡು ಜೀವಕೋಶ ಸಾಕು.

ಪ್ಲಾಟಿನೆರೀಸ್ ಎಂಬ ಕಡಲಹುಳು ನಮ್ಮ ಎರೆಹುಳುವಿನಂತೆಯೇ ಬಳೆ ಬಳೆಯ ಮೈಯದು, ಒಂದೇ ವಂಶದ್ದು. ಅದರ ಎರಡು ದಿನದ ಮರಿ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು, ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು. ಮೈ ಸುತ್ತ ಸಣ್ಣ ರೋಮಗಳ ಪಟ್ಟಿ, ಅವು ಹುಟ್ಟು ಹಾಕಿದಂತೆ ಬೀಸಿ ಮರಿಯನ್ನು ಈಜಿಸುತ್ತವೆ. ಎಡಕ್ಕೊಂದು, ಬಲಕ್ಕೊಂದು ಕಣ್ಣಚುಕ್ಕೆ. ಪ್ರತಿ ಚುಕ್ಕೆಯಲ್ಲಿ ಇರುವುದು ಎರಡೇ ಕೋಶ: ಒಂದು ಬೆಳಕು ಹಿಡಿಯುವುದು, ಇನ್ನೊಂದು ಕಪ್ಪು ಬಣ್ಣ ತುಂಬಿಕೊಂಡು ಒಂದು ಕಡೆಯ ಬೆಳಕಿಗೆ ಅಡ್ಡ ನಿಲ್ಲುವುದು. ಈ ಕಪ್ಪು ಕೋಶ ಇಲ್ಲದಿದ್ದರೆ ಬೆಳಕು ನಾಲ್ಕೂ ಕಡೆಯಿಂದ ಬಂದು ದಿಕ್ಕೇ ತಿಳಿಯುತ್ತಿರಲಿಲ್ಲ. ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಇದು ಅಂಥದೇ ಕೈ.

ಇಲ್ಲಿ ಮಿದುಳು ಏನು ಮಾಡುತ್ತದೆ? ಏನೂ ಇಲ್ಲ. ಗಾಶ್ಪಾರ್ ಯೇಕೆಯ್, ಡೆಟ್ಲೆಫ್ ಆರೆಂಟ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಬೆಳಕು ಹಿಡಿಯುವ ಕೋಶದ ನರತಂತು ನೇರವಾಗಿ ಅದೇ ಪಕ್ಕದ ರೋಮಗಳಿಗೆ ಹೋಗಿ ಮುಟ್ಟುತ್ತದೆ. ಆ ಪಕ್ಕಕ್ಕೆ ಬೆಳಕು ಬಿದ್ದರೆ ಆ ಪಕ್ಕದ ರೋಮಗಳ ಬೀಸು ನಿಧಾನವಾಗುತ್ತದೆ. ನಮ್ಮ ಹುಡುಗರಿಗೆ ಇದನ್ನು ಟ್ರ್ಯಾಕ್ಟರಿನಿಂದ ವಿವರಿಸುತ್ತಿದ್ದೆ. ಹೊಲದ ಬದುವಿಗೆ ಬಂದಾಗ ಎಡಗಡೆಯ ಬ್ರೇಕು ಒಂದನ್ನೇ ಒತ್ತಿದರೆ ಎಡಚಕ್ರ ನಿಲ್ಲುತ್ತದೆ, ಬಲಚಕ್ರ ತಿರುಗುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಮರಿಯೂ ಹಾಗೆಯೇ ಬೆಳಕಿನ ಕಡೆ ಹೊರಳುತ್ತದೆ. ಜೊತೆಗೆ ಅದು ಬುಗುರಿಯಂತೆ ತನ್ನ ಸುತ್ತ ತಿರುಗುತ್ತ ಈಜುವುದರಿಂದ, ಎರಡು ಕೋಶದ ಆ ಕಣ್ಣು ಒಂದೊಂದು ಸುತ್ತಿಗೂ ದಿಕ್ಕುಗಳನ್ನೆಲ್ಲ ತಡಕುತ್ತದೆ. ಈ ಮರಿಗೆ ಚಿತ್ರ ಕಾಣುವುದಿಲ್ಲ, ದಾರಿ ಮಾತ್ರ ಸಿಗುತ್ತದೆ. ಕಡಲಿನಲ್ಲಿ ತೇಲುವ ಸಣ್ಣ ಪ್ರಾಣಿಗಳ ಹಿಂಡು ದಿನಕ್ಕೊಮ್ಮೆ ಮೇಲೆ ಬಂದು ಕೆಳಗೆ ಇಳಿಯುತ್ತದೆ. ತೂಕದ ಲೆಕ್ಕದಲ್ಲಿ ಭೂಮಿಯ ಮೇಲಿನ ಅತಿ ದೊಡ್ಡ ವಲಸೆ ಅದು. ಅದನ್ನು ನಡೆಸುವ ದೊಡ್ಡ ಶಕ್ತಿ ಬೆಳಕು. ಅಂಥ ವಲಸೆಗೆ ಇಷ್ಟು ಚಿಕ್ಕ ಸಲಕರಣೆಯೂ ಸಾಲುತ್ತದೆ.

ಇದೇ ಹುಳುವಿಗೆ ಇನ್ನೊಂದು ಕಲೆ ಗೊತ್ತು. ಮೊಟ್ಟೆಯಿಡುವ ಕಾಲವನ್ನು ಅದು ಚಂದ್ರನ ಲೆಕ್ಕದಲ್ಲಿ ಇಡುತ್ತದೆ. ಹುಣ್ಣಿಮೆಯ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ. ಇದು ಸೂರ್ಯನದೋ ಚಂದ್ರನದೋ ಎಂದು ಬೇರ್ಪಡಿಸುವ ಕ್ರಿಪ್ಟೋಕ್ರೋಮ್ ಒಂದು ಅದರಲ್ಲಿದೆ ಎಂದು ವಿಯೆನ್ನಾದ ಸಂಶೋಧಕರು 2022ರಲ್ಲಿ ವರದಿ ಮಾಡಿದರು. ಹವಳಗಳೂ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಆಸ್ಟ್ರೇಲಿಯದ ದೊಡ್ಡ ಹವಳದಂಡೆಯ ಇಂಥ ರಾತ್ರಿಗಳ ವರದಿ 1984ರಲ್ಲಿ ಬಂತು. ಕಾರಹುಣ್ಣಿಮೆ, ಶೀಗಿಹುಣ್ಣಿಮೆ ಎಂದು ವರ್ಷ ಎಣಿಸುವ ನಮಗೆ ಇದು ತೀರ ಅಪರಿಚಿತ ಪಂಚಾಂಗವಲ್ಲ.

ಇಲ್ಲಿಂದ ಸ್ವಲ್ಪ ಹೊತ್ತು ಸಿಹಿನೀರಿಗೆ ಹೊರಳುತ್ತೇನೆ. ಕಡಲಿಗೆ ಹೋಗಲಾಗದವರಿಗೆ ಕಡಲಿನ ನೆಂಟರನ್ನು ತೋರಿಸಬಹುದು. ತಿಳಿನೀರಿನ ಬಾವಿ, ಹೊಂಡಗಳಲ್ಲಿ ತೇಲುವ ಎಲೆಯ ಅಡಿಗೆ ಅರ್ಧ ಇಂಚಿಗಿಂತ ಚಿಕ್ಕದಾದ ಒಂದು ನೂಲಿನ ಎಳೆ ಅಂಟಿಕೊಂಡಿರುತ್ತದೆ, ತುದಿಯಲ್ಲಿ ಐದಾರು ತೋಳು. ಅದು ಹೈಡ್ರಾ, ಅಂಬಲಿ ಮೀನಿನ ದಾಯಾದಿ. ಕಣ್ಣಿಲ್ಲ, ಮಿದುಳಿಲ್ಲ. 1740ರ ದಶಕದಲ್ಲಿ ಹಾಲೆಂಡಿನ ಶ್ರೀಮಂತರ ಮನೆಯೊಂದರಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲೆ ಇದನ್ನು ಗಾಜಿನ ಪಾತ್ರೆಯಲ್ಲಿ ಸಾಕಿದರು. ಪಾತ್ರೆಗೆ ರಟ್ಟಿನ ಹೊದಿಕೆ ಹೊದಿಸಿ ಅದರಲ್ಲಿ ಒಂದು ಕಿಂಡಿ ಕೊರೆದರು. ಹೈಡ್ರಾಗಳು ಬಂದು ಕಿಂಡಿಯ ಆಕಾರದಲ್ಲೇ ಸಾಲು ನಿಂತವು. 1744ರಲ್ಲಿ ಅವರ ಪುಸ್ತಕ ಹೊರಬಂತು.

ನಮ್ಮ ಪ್ರಯೋಗಾಲಯದ ಕಿಟಕಿಯಲ್ಲಿ ಉಪ್ಪಿನಕಾಯಿಯ ಬಾಟಲಿಯಲ್ಲಿ ನಾವೂ ಇದನ್ನು ಮಾಡಿದ್ದೇವೆ. ಕಪ್ಪು ಕಾಗದ ಸುತ್ತಿ ಬ್ಲೇಡಿನಿಂದ ಒಂದು ಸೀಳು ಬಿಟ್ಟೆವು. ಮೊದಲ ದಿನ ಏನೂ ಆಗಲಿಲ್ಲ. ಪ್ರಾತ್ಯಕ್ಷಿಕೆ ಸೋತಿತು ಎಂದು ಹುಡುಗರು ಗುಸುಗುಟ್ಟಿದರು. ಮೂರನೆಯ ಬೆಳಿಗ್ಗೆ ಕಾಗದ ಬಿಚ್ಚಿದರೆ ಏಳೆಂಟು ಹೈಡ್ರಾಗಳು ಸೀಳಿನ ನೇರಕ್ಕೆ ಗಾಜಿಗೆ ಅಂಟಿದ್ದವು. ಅವು ಹೋಗುವ ವೇಗವೇ ಅಂಥದು, ಮಾಸ್ತರರಿಗೆ ತಾಳ್ಮೆ ಬೇಕು.

ಹೈಡ್ರಾದ ತೋಳಿನಲ್ಲಿ ಕುಟುಕುವ ಕೋಶಗಳಿವೆ. ಅವುಗಳ ಹತ್ತಿರದ ನರಕೋಶಗಳಲ್ಲಿ ಆಪ್ಸಿನ್ ಇದೆ. ಬೆಳಕು ಮಂದವಾದಾಗ ಆ ಕೋಶಗಳು ಹೆಚ್ಚು ಸಿಡಿಯುತ್ತವೆ, ಪ್ರಖರವಾದಾಗ ಕಡಿಮೆ ಎಂದು 2012ರಲ್ಲಿ ಕಂಡುಬಂತು. ಬೇಟೆಯ ನೆರಳು ಬಿದ್ದಾಗ ಬಂದೂಕು ಸಡಿಲವಾಗಲಿ ಎಂಬ ಏರ್ಪಾಡು ಇದಿರಬಹುದು. ಹೈಡ್ರಾದ ಬಗ್ಗೆ ನಮ್ಮ ದೇಶದಲ್ಲಿ ಒಳ್ಳೆಯ ಸಂಶೋಧನೆ ನಡೆದಿರುವುದು ಪುಣೆಯ ಅಘಾರಕರ ಸಂಶೋಧನಾ ಸಂಸ್ಥೆಯಲ್ಲಿ. ನಿಪ್ಪಾಣಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ನೇರ ಹೋದರೆ ಸಿಗುವ ಊರು ಅದು. ವಿದ್ಯಾರ್ಥಿಗಳು ಗಮನಿಸಬೇಕು.

ನೆರಳಿನ ಮಾತು ಬಂದದ್ದರಿಂದ ಕಾರವಾರಕ್ಕೆ ಹೋಗೋಣ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಅಲ್ಲಿನ ಕೋಡಿಬಾಗದಲ್ಲಿದೆ. ನಾವು ಹುಡುಗರನ್ನು ಕರೆದುಕೊಂಡು ಹೋದದ್ದು ಇಳಿತದ ಹೊತ್ತಿಗೆ. ಬಂಡೆಗಳ ತುಂಬ ಸುಣ್ಣದ ಪುಟ್ಟ ಗೋಪುರಗಳು, ಬಾರ್ನಕಲ್. ನೋಡಿದರೆ ಚಿಪ್ಪು, ಕುಲದಲ್ಲಿ ನಮ್ಮ ಹೊಳೆಯ ಏಡಿಯ ನೆಂಟ. ಬಂಡೆಯ ಗುಂಡಿಯಲ್ಲಿ ಉಳಿದ ನೀರಿನೊಳಗೆ ಅವು ಬಾಗಿಲು ತೆರೆದು ಗರಿಯಂತಹ ಕಾಲು ಚಾಚಿ, ಎಳೆದು, ಮತ್ತೆ ಚಾಚಿ ತಿನಿಸು ಬಾಚಿಕೊಳ್ಳುತ್ತಿದ್ದವು. ಒಬ್ಬ ಹುಡುಗಿ ಕೊಡೆ ಬಿಚ್ಚಿದಳು. ನೆರಳು ಬಿದ್ದ ಗುಂಡಿಯ ಬಾಗಿಲುಗಳೆಲ್ಲ ಪಟ್ಟನೆ ಮುಚ್ಚಿದವು. ಕೊಡೆ ಸರಿಸಿದಳು, ಸ್ವಲ್ಪ ಹೊತ್ತಿಗೆ ತೆರೆದವು. ಮತ್ತೆ ನೆರಳು, ಮತ್ತೆ ಮುಚ್ಚಿದವು. ಹೀಗೆ ಏಳೆಂಟು ಸಲವಾದ ಮೇಲೆ ಕೆಲವು ಮುಚ್ಚುವುದನ್ನೇ ಬಿಟ್ಟವು. "ಸರ, ಅವಕ್ಕ ನಮ್ಮ ಚ್ಯಾಷ್ಟಿ ಗೊತ್ತಾತ್ರಿ" ಎಂದಳು. ಗೊತ್ತಾದದ್ದು ಏನೋ, ಆದರೆ ಅವಳು ಕಂಡದ್ದು ನಿಜ. ಪದೇ ಪದೇ ಬಂದು ಏನೂ ಮಾಡದ ನೆರಳಿಗೆ ಬಾರ್ನಕಲ್ ಒಗ್ಗಿಕೊಳ್ಳುತ್ತದೆ. ದೊಡ್ಡದಾದ ಬಾರ್ನಕಲ್ಲಿಗೆ ಇರುವುದು ಮೂರು ಬೆಳಕಿನ ಚುಕ್ಕೆ. ಅವಕ್ಕೆ ಬೇಕಾದ ಸುದ್ದಿ ಒಂದೇ, ಬೆಳಕು ಕಡಿಮೆಯಾಯಿತೆ?

ಚಿಪ್ಪಿನ ಪ್ರಾಣಿಗಳಲ್ಲಿ ಇನ್ನೂ ವಿಚಿತ್ರಗಳಿವೆ, ಎರಡನ್ನು ಮಾತ್ರ ಹೇಳುತ್ತೇನೆ. ಬಂಡೆಗೆ ಅಂಟಿ ತೆವಳುವ ಕೈಟನ್ ಎಂಬುದರ ಒಂದು ಜಾತಿಗೆ ಬೆನ್ನಿನ ಚಿಪ್ಪಿನಲ್ಲೇ ನೂರಾರು ಪುಟ್ಟ ಕಣ್ಣುಗಳಿವೆ. ಅವುಗಳ ಮಸೂರವೂ ಚಿಪ್ಪಿನ ಖನಿಜದ್ದೇ ಎಂದು 2011ರಲ್ಲಿ ಸಿದ್ಧವಾಯಿತು. ಚಿಪ್ಪು ಸುಟ್ಟರೆ ಎಲೆಗೆ ಹಚ್ಚುವ ಸುಣ್ಣ, ಸುಡದಿದ್ದರೆ ಕನ್ನಡಕದ ಗಾಜು! ಸ್ಕ್ಯಾಲಪ್ ಎಂಬ ಕಪ್ಪೆಚಿಪ್ಪಿಗೆ ಅಂಚಿನುದ್ದಕ್ಕೂ ಇನ್ನೂರರವರೆಗೆ ಕಣ್ಣುಗಳು. ಪ್ರತಿ ಕಣ್ಣಿನ ಹಿಂದೆ ಒಂದು ಬಾಗಿದ ಕನ್ನಡಿ, ಬೆಳಕನ್ನು ಕೂಡಿಸಿ ಚಿತ್ರ ಮಾಡುವುದು ಅದೇ ಎಂದು ಮೈಕೆಲ್ ಲ್ಯಾಂಡ್ 1965ರಲ್ಲಿ ತೋರಿಸಿದರು.

ಮೂರನೆಯ ಮತ್ತು ನನಗೆ ಅತಿ ಪ್ರಿಯವಾದ ವಿಷಯ: ಮಿದುಳಿಲ್ಲದೆ ಕಾಣಬಹುದೆ?

ಕೆರಿಬಿಯನ್ ಕಡಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಬೇರಿನ ನಡುವೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪೆಟ್ಟಿಗೆ ಅಂಬಲಿ ಮೀನು ಬದುಕುತ್ತದೆ, ಹೆಸರು ಟ್ರಿಪೆಡೇಲಿಯಾ. ಅಂಥ ಕಾಂಡ್ಲಾ ಕಾಡನ್ನು ನೋಡಬೇಕೆಂದರೆ ಕಾರವಾರದ ಕಾಳಿ ನದಿಯ ಅಳಿವೆಗೆ ಹೋಗಿ. ಟ್ರಿಪೆಡೇಲಿಯಾಗೆ ಇಪ್ಪತ್ತನಾಲ್ಕು ಕಣ್ಣು. ಮೈಯ ನಾಲ್ಕು ಬದಿಗೆ ನಾಲ್ಕು ಜೋಲುವ ಗುಂಡಿಗಳು, ಒಂದೊಂದರಲ್ಲಿ ಆರು. ಆರರಲ್ಲಿ ಎರಡಕ್ಕೆ ನಮ್ಮ ಕಣ್ಣಿನಂತೆ ಮಸೂರವಿದೆ. ಗುಂಡಿಯ ತಳದಲ್ಲಿ ಒಂದು ಭಾರವಾದ ಹರಳು, ಗೋಡೆ ಕಟ್ಟುವ ಗೌಂಡಿಯ ತೂಗುಗುಂಡಿನ ಹಾಗೆ. ಪ್ರಾಣಿ ಅಡ್ಡಾದರೂ ತಲೆಕೆಳಗಾದರೂ ಗುಂಡಿ ನೇರ ತೂಗುತ್ತದೆ, ಮೇಲಿನ ಮಸೂರಗಣ್ಣು ಸದಾ ಆಕಾಶಕ್ಕೇ ಮುಖ ಮಾಡಿರುತ್ತದೆ. ಆ ಕಣ್ಣು ಏನು ನೋಡುತ್ತದೆ? ನೀರಿನ ಮೇಲ್ಮೈಯ ಮೂಲಕ ಕಾಂಡ್ಲಾ ಮರಗಳ ಕೊಡೆಯನ್ನು. ತಿನಿಸು ಸಿಗುವುದು ಮರದ ಅಡಿಯಲ್ಲಿ, ಅಲೆ ಎಳೆದುಕೊಂಡು ಹೋದರೆ ಮರದ ಕಪ್ಪು ಅಂಚು ನೋಡಿ ಮರಳಿ ಬರುತ್ತದೆ. ಆಂಡರ್ಸ್ ಗಾರ್ಮ್ ಮತ್ತು ಸಂಗಡಿಗರು ಇದನ್ನು 2011ರಲ್ಲಿ ಪ್ರಕಟಿಸಿದರು.

2023ರಲ್ಲಿ ಅದೇ ಬಳಗದಿಂದ ಇನ್ನೊಂದು ಸುದ್ದಿ ಬಂತು. ಬೂದು, ಬಿಳಿ ಪಟ್ಟೆಗಳಿದ್ದ ದುಂಡು ತೊಟ್ಟಿಯಲ್ಲಿ ಈ ಪ್ರಾಣಿಯನ್ನು ಬಿಟ್ಟರು. ಬೂದು ಪಟ್ಟೆ ದೂರದ ಬೇರಿನಂತೆ ಕಾಣಲಿ ಎಂಬ ಉಪಾಯ. ಮೊದಲು ಅದು ಗೋಡೆಗೆ ಢಿಕ್ಕಿ ಹೊಡೆಯಿತು. ಏಳೂವರೆ ನಿಮಿಷ ಕಳೆಯುವ ಹೊತ್ತಿಗೆ ಢಿಕ್ಕಿಗಳು ಅರ್ಧಕ್ಕೆ ಇಳಿದಿದ್ದವು. ಕಂಡದ್ದನ್ನೂ ತಗುಲಿದ್ದನ್ನೂ ಜೋಡಿಸಿ ಅದು ಕಲಿತಿತ್ತು. ಒಂದು ಗುಂಡಿಯಲ್ಲಿ ಇರುವ ನರಕೋಶಗಳು ಸುಮಾರು ಸಾವಿರ. ನಲವತ್ತೈದು ನಿಮಿಷದ ತಾಸಿನಲ್ಲಿ ಕಲಿಯದ ಮಕ್ಕಳನ್ನು ಬೈದ ಅಧ್ಯಾಪಕನಾಗಿ ನಾನು ಇದನ್ನು ಸ್ವಲ್ಪ ಮುಜುಗರದಿಂದಲೇ ಓದಿದೆ.

ಕೊನೆಯದಾಗಿ ಒಂದು ತಪ್ಪಿನ ಕಥೆ, ಯುವ ಸಂಶೋಧಕರಿಗಾಗಿ. ನಕ್ಷತ್ರಮೀನಿನ ಕುಲದ ಬ್ರಿಟಲ್ ಸ್ಟಾರ್ ಒಂದರ ತೋಳಿನಲ್ಲಿ ಸಾವಿರಾರು ಪಾರದರ್ಶಕ ಹರಳುಗಳಿವೆ. ಅವು ಬೆಳಕು ಕೂಡಿಸುವ ಮಸೂರಗಳು, ಇಡೀ ಮೈಯೇ ಕಣ್ಣು ಎಂದು 2001ರಲ್ಲಿ ದೊಡ್ಡ ಸುದ್ದಿಯಾಯಿತು. ನಾನೂ ತರಗತಿಯಲ್ಲಿ ಉತ್ಸಾಹದಿಂದ ಹೇಳಿದೆ. 2018ರಲ್ಲಿ ಲಾರೆನ್ ಸಮ್ನರ್-ರೂನಿ ಮತ್ತು ಸಂಗಡಿಗರು ಅಂಗಾಂಶ ಸೀಳಿ ನೋಡಿದರೆ ಬೆಳಕಿನ ಕೋಶಗಳು ಹರಳಿನ ಅಡಿಯಲ್ಲಿ ಇರಲೇ ಇಲ್ಲ, ಹರಳುಗಳ ನಡುವಿನ ಸಂದಿಯಲ್ಲಿದ್ದವು. 2020ರಲ್ಲಿ ಅವರೇ ಉಳಿದರ್ಧ ಬಿಡಿಸಿದರು. ಹಗಲಿನಲ್ಲಿ ಈ ಪ್ರಾಣಿ ಕಡುಗೆಂಪಾಗುತ್ತದೆ. ಆ ಬಣ್ಣವೇ ಪಕ್ಕದ ಬೆಳಕನ್ನು ತಡೆದು ಒಂದೊಂದು ಕೋಶಕ್ಕೂ ದಿಕ್ಕು ಕೊಡುತ್ತದೆ, ಆಗ ಅದು ನೆರಳಿನ ತಾಣ ಕಂಡು ಅಲ್ಲಿಗೆ ಹೋಗುತ್ತದೆ. ರಾತ್ರಿ ಮೈ ತಿಳಿಯಾಗುತ್ತದೆ, ಪ್ರಯೋಗಾಲಯದಲ್ಲಿ ಬೆಳಕು ಕೊಟ್ಟರೂ ಆ ತಾಣ ಅದಕ್ಕೆ ಸಿಗುವುದಿಲ್ಲ. ಇಡೀ ಮೈ ಬೆಳಕು ಅರಿಯುವುದು ಸುಳ್ಳಾಗಲಿಲ್ಲ, ಹರಳಿನ ಪಾತ್ರ ಮಾತ್ರ ಸುಳ್ಳಾಯಿತು. ತರಗತಿಯಲ್ಲಿ ನನ್ನ ತಪ್ಪು ತಿದ್ದೋಣವೆಂದರೆ ಆಗಲೇ ನಾನು ನಿವೃತ್ತನಾಗಿದ್ದೆ. ಇವತ್ತು ಈ ವೇದಿಕೆಯಿಂದ ತಿದ್ದಿದ್ದೇನೆ.

ಈಗ ಆ ಹಿರಿಯರ ಪ್ರಶ್ನೆ: ಎರೆಹುಳು ಬೆಳಕನ್ನು ನೋಡುತ್ತದೆಯೋ ಇಲ್ಲವೋ? ನೋಡುವುದಿಲ್ಲ, ಅರಿಯುತ್ತದೆ. ಅದರ ಕಡಲಿನ ದಾಯಾದಿಗೆ ದಾರಿ ಬೇಕಿತ್ತು, ಕಣ್ಣಚುಕ್ಕೆ ಉಳಿಯಿತು. ಮಣ್ಣಿನೊಳಗಿನ ಇದಕ್ಕೆ ಬೇಕಾದದ್ದು ಒಂದೇ ತೀರ್ಮಾನ, ಹೊರಗಿರಬೇಕೋ ಒಳಗೆ ಹೋಗಬೇಕೋ. ಅಷ್ಟಕ್ಕೆ ಚರ್ಮವೇ ಸಾಕು. ಅವರು ಈಗ ನಮ್ಮೊಡನೆ ಇಲ್ಲ, ಮಗ ಈ ಸಭೆಯಲ್ಲಿ ಕುಳಿತಿದ್ದಾನೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಈ ಸಲ ಹೊಲಕ್ಕೆ ರಾತ್ರಿ ನೀರು ಬಿಡುವಾಗ ಬ್ಯಾಟರಿಯ ಗಾಜಿಗೆ ಕೆಂಪು ಜಿಲೇಟಿನ್ ಹಾಳೆ ಎರಡು ಪದರ ಕಟ್ಟಿಕೊಂಡು ಹೋಗಿ. ಎರೆಹುಳುವಿಗೆ ಕೆಂಪು ಬೆಳಕು ಬಹುಮಟ್ಟಿಗೆ ತಿಳಿಯುವುದಿಲ್ಲ, ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಹೆಜ್ಜೆ ಮಾತ್ರ ಮೆಲ್ಲಗಿರಲಿ. ಅದಕ್ಕೆ ಕಿವಿಯೂ ಇಲ್ಲ, ಆದರೆ ನೆಲ ನಡುಗಿದ್ದು ತಿಳಿಯುತ್ತದೆ.